ಕಾರಿನಡಿಯ ಮಾತು

ಕಮಲಾಪುರದ ಶಾಲೆಯಿಂದ ಮನೆಗೆ ಬರುತ್ತಿದ್ದ ಒಂದು ಸಂಜೆ ನನ್ನ ಕಾರಿನ ಹೊಟ್ಟೆಯಡಿ ಏನೋ ಕೆರೆದ ಸದ್ದಾಯಿತು. ಮಳೆ ನಿಂತು ಎರಡು ದಿನವಾಗಿತ್ತು. ಹುಮನಾಬಾದ ರಸ್ತೆಯ ತಗ್ಗೊಂದರಲ್ಲಿ ಕೆಸರುನೀರು ನಿಂತಿತ್ತು. ಆಳ ತಿಳಿಯದೆ ಗಾಲಿ ಇಳಿಸಿಬಿಟ್ಟಿದ್ದೆ. ಅಲ್ಲಿಂದ ಕಲಬುರಗಿ ಮುಟ್ಟುವತನಕ, ವೇಗ ಏರಿದಾಗಲೆಲ್ಲ ಕೆಳಗಿನಿಂದ ಪಟಪಟ ಸದ್ದು. ಯಾರೋ ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿಯುತ್ತಿದ್ದ ಹಾಗೆ.

ಮರುದಿನ ರಿಂಗ್ ರೋಡಿನ ಒಂದು ಗ್ಯಾರೇಜಿಗೆ ಒಯ್ದೆ. ಅಲ್ಲಿಯ ಮಿಸ್ತ್ರಿ ಮಂಡಿಯೂರಿ ಟಾರ್ಚ್ ಬಿಟ್ಟು ನೋಡಿದ.

“ಮೇಡಂ, ಇಂಜಿನ್ ಕೆಳಗಿನ ಪ್ಲಾಸ್ಟಿಕ್ ಕವರ್ ಸಡ್ಲ ಆಗ್ಯಾದ. ಆರರಾಗ ಎರಡು ಬೋಲ್ಟ್ ಉದುರಿ ಹೋಗ್ಯಾವ, ಉಳದ ನಾಕು ಜಂಗ್ ಹಿಡದು ಕುಂತಾವ. ಬಿಚ್ಚಾಕ ಬರಂಗಿಲ್ಲ. ಕೊಯ್ದು ತಗದು ಒಗದ್ಬಿಡತೀನಿ. ಈ ಹಳೀ ಗಾಡಿಗಿ ಅದು ಇಲ್ಲಂದ್ರೂ ನಡೀತದ.”

ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ನಾನೂ ಬಗ್ಗಿ ನೋಡಿದೆ. ಕಪ್ಪು ಕವರಿನ ನಡುವೆ ಗೇಣುದ್ದದ ಸೀಳು. ಸೀಳಿನ ಎರಡೂ ಬದಿಗೆ ಸಾಲು ತೂತುಗಳು. ತೂತಿನಿಂದ ತೂತಿಗೆ ತಾಮ್ರದ ತಂತಿಯ ಹೊಲಿಗೆ. ಅದು ನನ್ನ ಗಂಡ ಹಾಕಿದ್ದು. ಮೊಳೆಯನ್ನು ಗ್ಯಾಸಿನ ಒಲೆಯ ಮೇಲೆ ಕಾಯಿಸಿ ಆ ತೂತು ಮಾಡಿದ್ದರು. ಅಡುಗೆಮನೆಯೆಲ್ಲ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಹಿಡಿಯಿತೆಂದು ನಾನು ಅವತ್ತು ಬೈದಿದ್ದೆ.

“ಕೊಯ್ಯೋದು ಬ್ಯಾಡ್ರಿ. ಮನ್ಯಾಗ ಬಿಚ್ಚತೀವಿ” ಎಂದೆ.

“ಮನ್ಯಾಗ ಯಾರ್ ಬಿಚ್ಚತಾರ್ರಿ?” ಎಂದು ಅವನು ಸಹಜವಾಗಿಯೇ ಕೇಳಿದ.

ನಾನು ಕೀಲಿ ತಿರುಗಿಸಿ ಹೊರಟುಬಿಟ್ಟೆ.

ಮನೆಯಲ್ಲಿ ಇರುವುದು ನಾನು ಮತ್ತು ನನ್ನ ಅತ್ತೆ, ಇಬ್ಬರೇ. ನನಗೆ ಐವತ್ತಕ್ಕೆ ಎರಡು ಕಡಿಮೆ, ಅತ್ತೆಗೆ ಎಪ್ಪತ್ತು ದಾಟಿದೆ. ನಾನು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನಮಗೆ ಮಕ್ಕಳಾಗಲಿಲ್ಲ. ನನ್ನ ಗಂಡ ನಂದೂರಿನ ಒಂದು ಬೇಳೆ ಮಿಲ್ಲಿನಲ್ಲಿ ಫಿಟರ್ ಆಗಿದ್ದರು. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಕೆಲಸಕ್ಕೆ ಹೋದವರು ಎದೆ ಹಿಡಿದುಕೊಂಡು ಕುಳಿತರಂತೆ. ಆಸ್ಪತ್ರೆ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ಮನೆಗೆ ತಂದಾಗ ಹುಬ್ಬಿನ ಕೂದಲಲ್ಲಿ ತೊಗರಿಯ ಹಳದಿ ಧೂಳು ಹಾಗೇ ಇತ್ತು. ಅತ್ತೆ ಅದನ್ನು ಸೆರಗಿನಿಂದ ಒರೆಸಿದರು. ಆಮೇಲೆ ಆ ಸೀರೆಯನ್ನು ಬಹಳ ದಿನ ಒಗೆಯಲಿಲ್ಲ.

ಇದ್ದಷ್ಟು ದಿನ ಅವರು ಕಾರನ್ನು ಬೇರೆಯವರ ಕೈಗೆ ಕೊಟ್ಟವರಲ್ಲ. ಮಿಲ್ಲಿನ ಹಳೆಯ ತೊಲೆಯನ್ನು ಇಳಿಜಾರಾಗಿ ಕೊಯ್ಯಿಸಿ ಎರಡು ದಿಮ್ಮಿ ಮಾಡಿಸಿದ್ದರು. ಆರು ತಿಂಗಳಿಗೊಂದು ಭಾನುವಾರ ಮುಂದಿನ ಗಾಲಿಗಳನ್ನು ಅದರ ಮೇಲೆ ಹತ್ತಿಸಿ, ಕೆಳಗೆ ಗೋಣಿಚೀಲ ಹಾಸಿ, ಕಾರಿನಡಿ ನುಸುಳುತ್ತಿದ್ದರು. ನಾನು ಪಕ್ಕದಲ್ಲಿ ಮಣೆ ಹಾಕಿಕೊಂಡು ಕುಳಿತು, ಬೋಲ್ಟು ತಿರುಗಿಸುವ ಪಾನಾಗಳಲ್ಲಿ ಕೇಳಿದ್ದನ್ನು ಕೇಳಿದಂತೆ ಕೊಡಬೇಕು. ನಂಬರು ತಪ್ಪಿದರೆ ಪಾನಾ ಸುಮ್ಮನೆ ವಾಪಸು ಬರುತ್ತಿತ್ತು.

ಅವರು ಮಾತು ಕಡಿಮೆಯ ಮನುಷ್ಯ. ಊಟಕ್ಕೆ ಕುಳಿತರೆ ಪಲ್ಯ ಚೆನ್ನಾಗಿದೆಯೋ ಇಲ್ಲವೋ ಎಂದು ಕೂಡ ಹೇಳುತ್ತಿರಲಿಲ್ಲ. ಆದರೆ ಕಾರಿನಡಿ ಮಲಗಿದಾಗ ಮಾತಾಡುತ್ತಿದ್ದರು. ಮುಖ ಕಾಣುವುದಿಲ್ಲವಲ್ಲ, ಅದಕ್ಕೆ ಇರಬೇಕು. ನನಗೆ ಕಾಣುತ್ತಿದ್ದದ್ದು ಎರಡು ಪಾದ ಮಾತ್ರ. ಚಿಕ್ಕವರಿದ್ದಾಗ ರಜೆಗೆ ಕಮಲಾಪುರದ ಸೋದರಮಾವನ ಬಾಳೆತೋಟಕ್ಕೆ ಹೋಗುತ್ತಿದ್ದುದು, ಅಲ್ಲಿಯ ಕೆಂಪು ಬಾಳೆಗಿಡದ ನೆರಳಲ್ಲಿ ಮಲಗಿದರೆ ಎಚ್ಚರವೇ ಆಗುತ್ತಿರಲಿಲ್ಲ ಎನ್ನುವುದು, ಮಿಲ್ಲಿಗೆ ಸೇರಿದ ಹೊಸದರಲ್ಲಿ ಯಂತ್ರದ ತಿರುಗುವ ಬೆಲ್ಟು ಕಂಡರೆ ದೂರ ಸರಿಯುತ್ತಿದ್ದುದು, ಇದೆಲ್ಲ ನನಗೆ ಗೊತ್ತಾದದ್ದು ಹೀಗೆ. ನಮಗೆ ಮಕ್ಕಳಾಗುವುದಿಲ್ಲ ಎಂದು ಸೋಲಾಪುರದ ಡಾಕ್ಟರು ಹೇಳಿದ ದಿನ, ಬಸ್ಸಿನಲ್ಲಿ ನನಗೆ ನಿದ್ದೆ ಹತ್ತಿದ ಮೇಲೆ ಅವರು ಅತ್ತಿದ್ದರಂತೆ. ಅದನ್ನೂ ಹನ್ನೊಂದು ವರ್ಷ ಕಳೆದು ಕಾರಿನಡಿಯಿಂದಲೇ ಹೇಳಿದರು.

ಅವರು ಕೊನೆಯ ಸಲ ಆಯಿಲ್ ಬದಲಿಸಿದ ಭಾನುವಾರ, ಕೆಳಗಿನಿಂದ ಇದ್ದಕ್ಕಿದ್ದಂತೆ ಕೇಳಿದರು:

“ನನ್ನ ಜೋಡಿ ಬಾಳೇವು ಮಾಡಿ ನೀ ಖುಷಿ ಅದಿಯೇನು?”

ಒಳಗೆ ಕುಕ್ಕರ್ ಮೂರನೆಯ ಸೀಟಿ ಹಾಕುತ್ತಿತ್ತು. ಹತ್ತಿರದಲ್ಲಿ ಪಕ್ಕದ ಮನೆಯವರು ಬಟ್ಟೆ ಹರವುತ್ತಿದ್ದರು. ನನಗೆ ನಾಚಿಕೆಯಾಯಿತು.

“ಮೊದ್ಲ ಈ ಪಾನಾ ಹಿಡೀರಿ” ಎಂದು ಕೈಗೆ ತುರುಕಿ ಎದ್ದು ಒಳಗೆ ಹೋದೆ. ಅವರು ನಕ್ಕದ್ದು ಕೇಳಿಸಿತು. ಮುಂದಿನ ಆರು ತಿಂಗಳು ತುಂಬುವ ಮೊದಲೇ ಅವರು ಹೋದರು.

ಆಮೇಲೆ ಎರಡು ವರ್ಷ ಗ್ಯಾರೇಜಿನವರು ಕವರಿನಲ್ಲಿದ್ದ ಕಿಂಡಿಯಿಂದಲೇ ಆಯಿಲ್ ಇಳಿಸಿ ಕಳಿಸುತ್ತಿದ್ದರು. ಕವರು ಬಿಚ್ಚುವ ಗೋಜಿಗೆ ಯಾರೂ ಹೋಗಲಿಲ್ಲ. ಬೋಲ್ಟುಗಳು ತುಕ್ಕು ಹಿಡಿದದ್ದು ಹಾಗೆ.

ಗ್ಯಾರೇಜಿನಿಂದ ಕಾರು ವಾಪಸು ತಂದ ಮೇಲಿನ ಭಾನುವಾರ ನಾಷ್ಟಾ ಮುಗಿಸಿ, ಅವರ ಖಾಕಿ ಅಂಗಿಯನ್ನು ನನ್ನ ಚೂಡಿದಾರದ ಮೇಲೆ ತೊಟ್ಟುಕೊಂಡು ಹೊರಗೆ ಬಂದೆ. ಅತ್ತೆ ಅಂಗಳದಲ್ಲಿ ಕುಳಿತು ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ಅಂಗಿಯನ್ನು ಒಮ್ಮೆ ನೋಡಿದರು.

“ಏನ್ ಮಾಡಾಕತ್ತಿ?”

“ಕಾರಿನ ಕೆಳಗಿನ ಕವರ್ ಬಿಚ್ಚತೀನ್ರಿ ಅತ್ತೀ.”

“ಬರ್ತದೇನು ನಿನಗ?”

“ನೋಡೀನಲ್ರಿ ಇಷ್ಟ್ ವರ್ಷ.”

ಅವರು ಬತ್ತಿಯ ಬುಟ್ಟಿ ಬದಿಗಿಟ್ಟು ಎದ್ದರು. ದಿಮ್ಮಿಗಳನ್ನು ಇಬ್ಬರೂ ಸೇರಿ ಎಳೆದು ತಂದು ಗಾಲಿಗಳ ಮುಂದೆ ಇಟ್ಟೆವು. ನಾನು ಅದುವರೆಗೆ ಕಾರನ್ನು ದಿಮ್ಮಿಯ ಮೇಲೆ ಹತ್ತಿಸಿದವಳಲ್ಲ. ಅತ್ತೆ ಎದುರಿಗೆ ಸರಿದು ನಿಂತು, ಎತ್ತು ಕರೆಯುವವರ ಹಾಗೆ ಕೈ ಮಾಡಿದರು.

“ಬಾ, ಬಾ, ಬಾ. ಇನ್ನಾ ಬಾ. ಏ, ನಿಂದ್ರಸು! ತುದೀಗಿ ಬಂದದ!”

ಬ್ರೇಕ್ ಒತ್ತಿ ಹಿಡಿದೆ. ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿ ಬಿಟ್ಟು, ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಕಾರನ್ನು ಎರಡು ಸಲ ಜಗ್ಗಿ ನೋಡಿ ಆಮೇಲೆ ಕೆಳಗೆ ನುಸುಳಿದೆ.

ಅಷ್ಟು ವರ್ಷ ಹೊರಗೆ ಕುಳಿತವಳಿಗೆ ಅಡಿಯ ಲೋಕ ಗೊತ್ತಿರಲಿಲ್ಲ. ಮೂಗಿಗೆ ಗೇಣು ದೂರದಲ್ಲಿ ಕಪ್ಪು ಕವರು, ಅದರಿಂದ ಎರೆಮಣ್ಣಿನ ಹೆಂಟೆಗಳು ಕಣ್ಣಿಗೆ ಉದುರುತ್ತವೆ. ಕೈ ಪೂರಾ ಚಾಚಲು ಆಗುವುದಿಲ್ಲ. ಕತ್ತು ಎತ್ತಿ ಹಿಡಿದರೆ ನೋವು, ಇಳಿಸಿದರೆ ಏನೂ ಕಾಣದು. ಇಂಥಲ್ಲಿ ಮಲಗಿ ಅವರು ಅಷ್ಟು ನಿರಾಳವಾಗಿ ಹೇಗೆ ಮಾತಾಡುತ್ತಿದ್ದರು ಎಂದು ಅನಿಸಿತು.

ಮುಂದಿನ ಅಂಚಿನಲ್ಲಿ ನಾಲ್ಕು ಪ್ಲಾಸ್ಟಿಕ್ ಕ್ಲಿಪ್ಪುಗಳಿದ್ದವು. ನಡುವಿನ ಗುಬುಟನ್ನು ಚಪ್ಪಟೆ ಸ್ಕ್ರೂ ಡ್ರೈವರಿನಿಂದ ಮೀಟಿ ಕೆಳಗೆಳೆದರೆ ಕ್ಲಿಪ್ಪು ಸಡಿಲವಾಗಿ ಬರುತ್ತದೆ. ಎರಡು ಹಾಗೇ ಬಂದವು. ಉಳಿದೆರಡು ಹಪ್ಪಳದಂತೆ ಪುಡಿಯಾದವು. ಆಮೇಲೆ ಹತ್ತು ನಂಬರಿನ ಬೋಲ್ಟುಗಳು. ಮೊದಲನೆಯದು ಕಿರ್ರೆಂದು ಅತ್ತು ತಿರುಗಿತು. ಎರಡನೆಯದಕ್ಕೆ ಪಾನಾ ಹಾಕಿ ಜೋರು ಮಾಡಿದೆ; ಪಾನಾ ಜಾರಿ ಬೆರಳಿನ ಗಿಣ್ಣು ತರಚಿತು. ಮತ್ತೆ ಹಾಕಿದೆ, ಮತ್ತೆ ಜಾರಿತು. ಬೋಲ್ಟಿನ ತಲೆಯ ಮೂಲೆಗಳು ಸವೆಯತೊಡಗಿದ್ದವು. ಇನ್ನೊಮ್ಮೆ ಜಾರಿದರೆ ಅದು ಗುಂಡಗಾಗಿ ಯಾವ ಪಾನಾಕ್ಕೂ ಸಿಗುತ್ತಿರಲಿಲ್ಲ.

“ಅತ್ತೀ, ಆಗವಲ್ದ್ರಿ” ಎಂದೆ.

“ಜೋರ್ ಮಾಡಬ್ಯಾಡ. ತಡಿ.”

ಒಳಗೆ ಹೋಗಿ ಬಂದರು. ಅವರ ಕೈಯಲ್ಲಿ ಸೀಮೆಎಣ್ಣೆಯ ಒಂದು ಹಳೆಯ ಸೀಸೆ, ಬತ್ತಿಯ ಅರಳೆ.

“ಚಿಮಣಿ ಎಣ್ಣಿ. ರೇಷನ್ನಿನಾಗ ಕೊಡೂದು ಬಂದ್ ಆದ ಮ್ಯಾಲ ಒಂದ್ ಸೀಸೆ ಮುಚ್ಚಿಟ್ಟಿದ್ದೆ. ನಮ್ಮಪ್ಪ ಹೊಲಾ ಹರಗೂ ಕುಂಟಿ ಬೋಲ್ಟ್ ಕಚ್ಚಕೊಂಡ್ರ ಹಿಂಗ ಮಾಡತಿದ್ದ. ಅರಳಿ ತೋಯ್ಸಿ ಸುತ್ತ ತುರುಕು, ಊಟ ಮಾಡಿ ಬರೂಣು. ಅದು ತಾನಾ ಕುಡೀತದ.”

ಚಿಮಣಿಯ ಬತ್ತಿ ಎಣ್ಣೆಯನ್ನು ತಾನೇ ಹೇಗೆ ಎಳೆದುಕೊಳ್ಳುತ್ತದೆ ಎಂದು ಪ್ರತಿ ವರ್ಷ ಮಕ್ಕಳಿಗೆ ಪಾಠ ಮಾಡುವವಳು ನಾನು. ನನಗೆ ಹೊಳೆದಿರಲಿಲ್ಲ. ಉಳಿದ ಮೂರು ಬೋಲ್ಟುಗಳ ಸುತ್ತ ಅರಳೆ ತುರುಕಿ, ಕೈ ತೊಳೆದುಕೊಂಡು, ರೊಟ್ಟಿ ಪುಂಡಿಪಲ್ಯ ತಿಂದೆವು. ಎಷ್ಟು ತೊಳೆದರೂ ತುತ್ತಿಗೆಲ್ಲ ಎಣ್ಣೆಯ ವಾಸನೆ. ಅತ್ತೆ ತಮ್ಮ ಬೆರಳನ್ನು ಮೂಗಿಗೆ ಹಿಡಿದುಕೊಂಡು, “ಅಂವ ಉಣ್ಣಾಕ ಕುಂತಂಗ ಆತು” ಎಂದರು. ಆ ಎರಡು ವರ್ಷದಲ್ಲಿ ಮಗನ ಬಗ್ಗೆ ಅವರು ನನ್ನೆದುರು ಅಷ್ಟು ಹಗುರಾಗಿ ಮಾತಾಡಿದ್ದು ಅದೇ ಮೊದಲು. ನಾವಿಬ್ಬರೂ ಒಬ್ಬರನ್ನೊಬ್ಬರು ಅಳಿಸಬಾರದೆಂದು ಅವರ ಸುದ್ದಿಯನ್ನೇ ಎತ್ತದೆ ದಿನ ದೂಡುತ್ತಿದ್ದೆವು.

ಮಧ್ಯಾಹ್ನ ಮತ್ತೆ ಕಾರಿನಡಿ ಹೋದೆ. ಸುತ್ತಿಗೆಯಿಂದ ಬೋಲ್ಟಿನ ತಲೆಗೆ ನಾಲ್ಕು ಸಲ ಮೆಲ್ಲಗೆ ಬಡಿದು, ಬಿಚ್ಚುವುದರ ಬದಲು ಮೊದಲು ತುಸು ಬಿಗಿಯುವ ಕಡೆಗೆ ತಿರುಗಿಸಿದೆ. ಅವರು ಹಾಗೇ ಮಾಡುತ್ತಿದ್ದರು. ಕೂದಲೆಳೆಯಷ್ಟು ಕದಲಿತು. ಆಮೇಲೆ ಹಿಂದಕ್ಕೆ. ಬಂತು. ಅದರ ಹಿಂದಿನದೂ ಬಂತು. ಕೊನೆಯ ಬೋಲ್ಟು ಮಾತ್ರ ತಿರುಗಿದ್ದೇ ತಿರುಗಿದ್ದು, ಕೆಳಗಿಳಿಯಲೊಲ್ಲದು. ಹಿಂದಿನ ನಟ್ಟು ಅದರ ಜೊತೆಗೇ ತಿರುಗುತ್ತಿತ್ತು.

“ಅತ್ತೀ, ಕೈ ಒಳಗ ಹಾಕಿ ಈ ಕವರ್ ಕೆಳಗ ಜಗ್ಗಿ ಹಿಡೀತೀರೇನ್ರಿ? ಬಿಗಿ ಸಿಕ್ರ ನಟ್ ನಿಂದರ್ತದ.”

ಬಳೆಯಿಲ್ಲದ ಅವರ ಕೈ ಒಳಗೆ ಬಂದು ಕವರಿನ ಅಂಚನ್ನು ಹಿಡಿಯಿತು. ನಾನು ಕಾಲು ಸುತ್ತು, ಮತ್ತೆ ಕಾಲು ಸುತ್ತು ತಿರುಗಿಸತೊಡಗಿದೆ. ಬಹಳ ಹೊತ್ತಿನ ಕೆಲಸ. ಅವರ ಮುಖ ನನಗೆ ಕಾಣುತ್ತಿರಲಿಲ್ಲ, ನನ್ನ ಮುಖ ಅವರಿಗೆ ಕಾಣುತ್ತಿರಲಿಲ್ಲ. ನನಗೆ ಗೊತ್ತಾಗುವ ಮೊದಲೇ ನಾನು ಮಾತಾಡಿಬಿಟ್ಟಿದ್ದೆ.

“ಅತ್ತೀ, ಇಲ್ಲೇ ಮಲ್ಕೊಂಡು ಅವರು ಒಂದ್ ಮಾತ್ ಕೇಳಿದ್ರು. ತಮ್ಮ ಜೋಡಿ ಖುಷಿ ಅದಿಯೇನು ಅಂತ. ನಾ ಏನೂ ಹೇಳ್ಲಿಲ್ರಿ. ಪಾನಾ ಕೊಟ್ಟು ಎದ್ದು ಹೋದೆ.”

ಅತ್ತೆಯ ಕೈ ಕವರನ್ನು ಬಿಡಲಿಲ್ಲ.

“ನನಗೂ ಕೇಳಿದ್ದ” ಎಂದರು.

“ಏನಂತ್ರಿ?”

“ಯವ್ವಾ, ಆಕಿ ಖುಷಿ ಅದಾಳೇನು ಅಂತ. ನನಗೇನು ಕೇಳತಿ, ಆಕಿ ರೊಟ್ಟಿ ಬಡಿಯೋವಾಗ ಕಿವಿ ಇಟ್ಟು ಕೇಳು, ಗುನುಗುತಾಳ ಅಂದೆ.”

“ನಾ ಗುನುಗತಿದ್ನೇನ್ರಿ?”

“ಹೂಂ. ದಿನಾ. ಅಂವ ಅದಕ್ಕಾ ಮುಂಜಾನಿ ಅಡಗಿ ಮನಿ ಬಾಗಲಾಗ ನಿಂತು ಚಾ ಕುಡೀತಿದ್ದ, ನೋಡೀಲ್ಲೇನು?”

ನೋಡಿದ್ದೆ. ದಾರಿಗೆ ಅಡ್ಡ ನಿಲ್ಲುತ್ತಾರೆ ಎಂದು ಗೊಣಗಿದ್ದೆ ಕೂಡ. ಕಣ್ಣಲ್ಲಿದ್ದದ್ದು ಮಣ್ಣೋ ನೀರೋ ತಿಳಿಯದೆ ಖಾಕಿ ಅಂಗಿಯ ತೋಳಿನಿಂದ ಒರೆಸಿಕೊಂಡು ಮತ್ತೆ ಪಾನಾ ಹಾಕಿದೆ.

ಬೋಲ್ಟು ಕಳಚಿದಾಗ ಕವರು ಒಮ್ಮೆಲೇ ನನ್ನ ಎದೆಯ ಮೇಲೆ ಬಿತ್ತು. ಪೆಟ್ಟೇನೂ ಆಗಲಿಲ್ಲ, ಬುಟ್ಟಿಗಟ್ಟಲೆ ಮಣ್ಣು ಮಾತ್ರ ಮೈತುಂಬ ಚೆಲ್ಲಿತು. ಹೊರಗೆಳೆದು ಬಿಸಿಲಿಗೆ ಹಾಕಿ ಅಂಚುಗಳನ್ನು ಕಡ್ಡಿಯಿಂದ ಕೆದರಿದೆವು. ಒಣಗಿದ ಎಲೆ, ಜಲ್ಲಿಕಲ್ಲು, ಒಂದು ಹಕ್ಕಿಯ ಗರಿ. ಹಿಂಬದಿಯ ಮಡಿಕೆಯಲ್ಲಿ ಗಟ್ಟಿಯಾದ ಒಂದು ಮಣ್ಣಿನುಂಡೆ. ಒಡೆದರೆ ಒಳಗೆ ಕಬ್ಬಿಣ. ಹತ್ತು ನಂಬರಿನ ಗೋಟಿ. ಹಿಡಿಕೆಗೆ ಸಿಕ್ಕಿಸಿ ಬೋಲ್ಟಿನ ತಲೆಗೆ ಟೋಪಿಯಂತೆ ಕೂರಿಸುವ, ಹೆಬ್ಬೆರಳಿನಷ್ಟು ಉದ್ದದ ಸಾಮಾನು.

ಆ ಕೊನೆಯ ಆಯಿಲ್ ಬದಲಿಯ ನಂತರ ಅದಕ್ಕಾಗಿ ನಮ್ಮಲ್ಲಿ ಜಗಳವಾಗಿತ್ತು. ಅವರು ಮನೆಯೆಲ್ಲ ಹುಡುಕಿ, “ನೀನಾ ಎಲ್ಲೋ ಬಳದು ಒಗದಿ” ಎಂದಿದ್ದರು. “ನಿಮ್ಮ ಕಬ್ಬಿಣ ಕಾಯಾಕ ಬಂದಿಲ್ಲ ನಾ” ಎಂದಿದ್ದೆ. ಎರಡು ದಿನ ಒಬ್ಬರಿಗೊಬ್ಬರು ಮಾತಿಲ್ಲ. ಅದು ನಾವು ಕುಳಿತು ತಿರುಗಾಡುತ್ತಿದ್ದ ಕಾರಿನಲ್ಲೇ ಇತ್ತು. ನಾನು ದಿನಾ ಕಮಲಾಪುರಕ್ಕೆ ಹೋಗಿ ಬರುವಾಗ ಅದೂ ಬರುತ್ತಿತ್ತು.

ಗೋಟಿಯನ್ನು ಎತ್ತಿ ಹಿಡಿದು ಮನೆಯ ಬಾಗಿಲ ಕಡೆ ತಿರುಗಿ, “ರೀ” ಎಂದುಬಿಟ್ಟೆ. ಗೆದ್ದವಳ ದನಿಯಲ್ಲಿ. ಬಾಗಿಲಲ್ಲಿ ಯಾರಿದ್ದಾರೆ? ಅತ್ತೆ ಕೇಳಿಸಿಕೊಂಡರು. ನನ್ನ ಕೈಯಿಂದ ಗೋಟಿ ತೆಗೆದುಕೊಂಡು ಸೆರಗಿನಿಂದ ಒರೆಸಿ, ಅದರ ಪೆಟ್ಟಿಗೆಯಲ್ಲಿ ಖಾಲಿ ಬಿದ್ದಿದ್ದ ಗುಳಿಯಲ್ಲಿ ಕೂರಿಸಿದರು.

ಮರುದಿನ ಕಾರು ದಿಮ್ಮಿಯ ಮೇಲೆಯೇ ಇದ್ದದ್ದರಿಂದ ಬಸ್ಸಿಗೆ ಶಾಲೆಗೆ ಹೋದೆ. ಸಂಜೆ ಬರುತ್ತ ಹೊಸ ಬೋಲ್ಟು, ಕ್ಲಿಪ್ಪು ತರಲು ನೆಹರು ಗಂಜ್ ಮಾರುಕಟ್ಟೆಯಲ್ಲಿ ಇಳಿದೆ. ಕಾಳಿನ ಚೀಲ ಏರಿಸುವ ಗದ್ದಲ ದಾಟಿ ಸಂದಿಯೊಂದರಲ್ಲಿ ಕಬ್ಬಿಣದ ಸಾಮಾನಿನ ಸಣ್ಣ ಅಂಗಡಿ. ಗಂಡ ಹೇಳುತ್ತಿದ್ದ ಗುರುತಿನ ಮೇಲೆ ಹುಡುಕಿದ್ದು, ಮೊದಲು ಹೋದದ್ದೇ ಇಲ್ಲ. ಬಿಳಿ ಗಡ್ಡದ ಅಂಗಡಿಯವರ ಮುಂದೆ ಹಳೆಯ ಬೋಲ್ಟು ಇಟ್ಟು, “ಇಂಥಾವು ಆರು ಕೊಡ್ರಿ” ಎಂದೆ.

ಅವರು ಅದನ್ನು ತಿರುಗಿಸಿ ನೋಡಿದರು. “ಡಬಲ್ ವಾಶರ್ ಹಾಕ್ಯಾರ. ಹಿಂಗ ಕೇಳಿ ಒಯ್ಯಾವ್ರು ಒಬ್ಬರಾ, ಏಕೀಚ್ ಆದ್ಮಿ, ದಾಲ್ ಮಿಲ್ಲಿನ ಫಿಟರ್ ಸಾಬ್. ನೀವು ಅವರ ಘರವಾಲಿ ಏನ್ರಿ?”

“ಹೌದ್ರಿ.”

“ಖೈರಿಯತ್ ಅದಾರಲ್ರಿ? ಭಾಳ ದಿನಾ ಆತು, ಇತ್ಲಾಗ ಬಂದೇ ಇಲ್ಲ.”

ಹೇಳಬೇಕಾದ ಮಾತು ಬಾಯಿತನಕ ಬಂತು. ಈ ಎರಡು ವರ್ಷದಲ್ಲಿ ಅದನ್ನು ಎಷ್ಟೋ ಜನರಿಗೆ ಹೇಳಿದ್ದೇನೆ; ಬ್ಯಾಂಕಿನಲ್ಲಿ, ಆಫೀಸಿನಲ್ಲಿ, ಫೋನಿನಲ್ಲಿ. ಆದರೆ ಈ ಮನುಷ್ಯನ ಕಣ್ಣಲ್ಲಿ ಅವರು ಇನ್ನೂ ನಡೆದಾಡುತ್ತಿದ್ದರು.

“ಆರಾಮ ಅದಾರ್ರಿ. ಊರಾಗಿಲ್ಲ. ಕಮಲಾಪುರದಾಗ ಇರ್ತಾರ ಈಗ” ಎಂದೆ.

“ಅಚ್ಛಾ, ಅಚ್ಛಾ. ಸಲಾಂ ಹೇಳ್ರಿ.”

“ಹೇಳ್ತೀನ್ರಿ.”

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರಿಗೆ ಸುಳ್ಳು ಸೇರುವುದಿಲ್ಲ.

“ಹಂಗ್ಯಾಕ ಹೇಳ್ದಿ?” ಎಂದು ಗದರಿದರು.

“ಬಾಯಿಗಿ ಬಂತ್ರಿ.”

ತೊಗರಿ ಆರಿಸುತ್ತಿದ್ದ ಮೊರವನ್ನು ಒಮ್ಮೆ ಅಲ್ಲಾಡಿಸಿದರು.

“ಯಾವೂರಾಗ ಅದಾನ ಅಂದಿ?”

“ಕಮಲಾಪುರದಾಗ.”

“ಚಲೋ ಆತು” ಎಂದರು. “ಅಲ್ಲಿ ಅಂವಗ ಚಲೋ ನಿದ್ದಿ ಹತ್ತತಿತ್ತು.”

ಮಂಗಳವಾರ ಶಾಲೆಯಿಂದ ಬಂದವಳೇ, ಇನ್ನೂ ಬೆಳಕಿರುವಾಗ ಕವರನ್ನು ತೊಳೆದು ಮೇಲೇರಿಸಿದೆವು. ಅತ್ತೆ ಅಂಗೈಯಿಂದ ಒತ್ತಿ ಹಿಡಿದರು, ನಾನು ತಿರುಪಿನ ಎಳೆಗಳಿಗೆ ಗ್ರೀಸ್ ಸವರಿ ಆರೂ ಬೋಲ್ಟು ಏರಿಸಿದೆ. ತಾಮ್ರದ ಹೊಲಿಗೆಯಲ್ಲಿ ಒಂದು ಕಡೆ ತಂತಿ ಸಡಿಲಾಗಿತ್ತು, ಇಕ್ಕಳದಿಂದ ತಿರುವಿ ಬಿಗಿ ಮಾಡಿದೆ. ಮುಂದಿನ ಸಲ ಸುಲಭವಾಗಿ ಬಿಚ್ಚಲಿ ಎಂದು ಬೋಲ್ಟಿನ ತಲೆಗಳಿಗೂ ಅತ್ತೆ ಬೆರಳಿನಿಂದ ಎಣ್ಣೆ ಹಚ್ಚಿದರು.

ಬುಧವಾರ ಬೆಳಿಗ್ಗೆ ಕಾರು ತೆಗೆದುಕೊಂಡು ಹೊರಟೆ. ಸದ್ದಿರಲಿಲ್ಲ. ಊರು ದಾಟಿ, ತೊಗರಿ ಹೊಲಗಳು ದಾಟಿ, ಕಮಲಾಪುರ ಹತ್ತಿರ ಬರುತ್ತಿದ್ದಂತೆ ರಸ್ತೆಯಿಂದ ಸ್ವಲ್ಪ ಒಳಗೆ ಬಾಳೆತೋಟಗಳು ಕಾಣತೊಡಗಿದವು. ಹೊತ್ತು ಆಗಷ್ಟೇ ಏರಿತ್ತು. ಎಲೆಗಳ ಮೇಲಿನ ಇಬ್ಬನಿ ಇನ್ನೂ ಆರಿರಲಿಲ್ಲ. ಗಂಜಿನ ಅಂಗಡಿಯಲ್ಲಿ ನಾನು ಹೇಳಿದ್ದನ್ನು ಒಂದು ಗಳಿಗೆ ನಾನೇ ನಂಬಿಬಿಟ್ಟೆ. ಗಾಡಿ ಬದಿಗೆ ನಿಲ್ಲಿಸಿ, ಗಾಜು ಇಳಿಸಿ, ತೋಟದ ಕಡೆ ನೋಡುತ್ತ ಕುಳಿತೆ. ಯಾರೂ ಎದ್ದು ಬರಲಿಲ್ಲ. ಶಾಲೆಯ ಪ್ರಾರ್ಥನೆಗೆ ತಡವಾಗುತ್ತದೆಂದು ನೆನಪಾಗುವವರೆಗೂ ಕುಳಿತೇ ಇದ್ದೆ. ಆಮೇಲೆ ಗಾಜು ಏರಿಸದೆ ಹಾಗೇ ಶಾಲೆಗೆ ಹೋದೆ.